ಟಿಳಕವಾಡಿಯ ಕೆಂಪು ಗುಜ್ಜಿ

ಬೆಳಗಾವಿ, ಟಿಳಕವಾಡಿ
ಮಾಘ ಮಾಸ, ಕ್ರಿ.ಶ. 2148

ಪೂಜ್ಯ ಮುತ್ತಜ್ಜ ಧರಣೇಂದ್ರ ಉಪಾಧ್ಯೆ ಅವರಿಗೆ ನಿಮ್ಮ ಮರಿಮೊಮ್ಮಗಳು ಚಂದನಾಳ ಜಯ ಜಿನೇಂದ್ರ.

ಮೇಲಿನ ವರ್ಷವನ್ನು ನೋಡಿ ಕೈತಪ್ಪಿ ಬರೆದದ್ದೆಂದು ತಿಳಿಯಬೇಡಿ. ನಾನು ಹುಟ್ಟುವ ಹೊತ್ತಿಗೆ ನೀವು ಗೋಡೆಯ ಮೇಲಿನ ಫೋಟೋ ಆಗಿದ್ದಿರಿ. ಈಗ ನನಗೇ ಅಜ್ಜಿಯ ವಯಸ್ಸು. ನನ್ನ ಮಾತಿನಲ್ಲಿ ನೀವು ಕೇಳಿರದ ಕೆಲವು ಶಬ್ದಗಳು ಬರುತ್ತವೆ. ಅವನ್ನು ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಮನ್ನಿಸಬೇಕು. ಈ ಪತ್ರ ನಿಮ್ಮನ್ನು ತಲುಪುವ ದಾರಿ ಯಾವುದೆಂದು ನನಗೆ ಗೊತ್ತಿಲ್ಲ. ಆದರೆ ಬರೆಯದೆ ಸುಮ್ಮನೆ ಕೂತರೆ ಸಿಟ್ಟು ನನ್ನನ್ನೇ ತಿಂದುಹಾಕುತ್ತದೆ.

ನೀವು ಇಟಲಿಯಿಂದ ಹಡಗಿನಲ್ಲಿ ತರಿಸಿದ ಕೆಂಪು ಮೋಟರ್‌ಸೈಕಲ್ಲು, ಆ ಮೋಟೊ ಗುಜ್ಜಿಯ ಬಗ್ಗೆ ಬರೆಯುತ್ತಿದ್ದೇನೆ. ಅದನ್ನು ನನಗೆ ತೋರಿಸಿದವಳು ಸೋದರತ್ತೆ ಸುಲೋಚನಾ. ಆಗಷ್ಟೇ ಕಾಲೇಜು ಮುಗಿಸಿದ್ದೆ. ಅತ್ತೆ ಅದನ್ನು ಅಂಗಳಕ್ಕೆ ತಳ್ಳಿಕೊಂಡು ಬಂದು ಗುಂಡಿ ಒತ್ತಿದಳು. ಟ್ಯಾಂಕಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಚಾಚಿದ ಸಿಲಿಂಡರುಗಳು ಗಂಟಲು ಸರಿಮಾಡಿಕೊಂಡಂತೆ ಕೆಮ್ಮಿದವು. ಅವಳು ಆಕ್ಸಿಲರೇಟರ್ ತಿರುಗಿಸಿದಾಗ ಇಡೀ ಗಾಡಿ ನಿಂತಲ್ಲೇ ಬಲಕ್ಕೆ ಒಮ್ಮೆ ವಾಲಿತು. ಮಲಗಿದ್ದ ಎಮ್ಮೆ ಎಬ್ಬಿಸಿದವರ ಕಡೆ ಹೊರಳಿ ನೋಡುತ್ತದಲ್ಲ, ಹಾಗೆ. "ಹೆದರಬ್ಯಾಡ, ಅದರ ಸ್ವಭಾವನ ಹಂಗ ಐತಿ," ಎಂದಳು ಅತ್ತೆ. ನಾನು ಹೆದರಿರಲಿಲ್ಲ. ಅಂದಿನಿಂದ ಬೇರೆ ಯಾವುದರ ಮೇಲೂ ನನ್ನ ಮನಸ್ಸು ಪೂರ್ತಿ ನಿಲ್ಲಲಿಲ್ಲ, ಅಷ್ಟೇ.

ಉದ್ಯಮಬಾಗದ ಫೌಂಡ್ರಿಯಲ್ಲಿ ಅಚ್ಚು ಮಾಡುವ ಕೆಲಸ ಹಿಡಿದೆ. ರಜೆ ಸಿಕ್ಕಾಗಲೆಲ್ಲ ಹಳೆಯ ಇಟಾಲಿಯನ್ ಗಾಡಿಗಳನ್ನು ಹುಡುಕಿಕೊಂಡು ಅಲೆದೆ. ಸಾಂಗ್ಲಿಯ ಗೋದಾಮೊಂದರಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಡುಕಾಟಿ ಸಿಕ್ಕಿತು. ಪಣಜಿಯ ಮನೆಯೊಂದರ ಜಗಲಿಯಲ್ಲಿ ಉಪ್ಪುಗಾಳಿಗೆ ಅರ್ಧ ಕರಗಿದ ಮೊರಿನಿ ಸಿಕ್ಕಿತು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಮನೆಗೆ ತಂದ ಆ ಮೊರಿನಿಯ ಕೆಳಗೇ ಮಲಗಿದ್ದೆ. ಮುಖಕ್ಕೆ ಎಣ್ಣೆ ಮೆತ್ತಿತ್ತು. ಅವರು ಅವಲಕ್ಕಿ ತಿಂದು, ತಿಳಿಸುತ್ತೇವೆ ಎಂದು ಹೋದವರು ಏನೂ ತಿಳಿಸಲಿಲ್ಲ. ನನಗೂ ನೆನಪಾಗಲಿಲ್ಲ.

ಈಗಿನ ರಸ್ತೆಗಳ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಈಗ ಯಾರೂ ಗಾಡಿ ನಡೆಸುವುದಿಲ್ಲ. ಡಬ್ಬಿಯಂಥ ಗಾಡಿಗಳು ಇರುವೆಸಾಲಿನಂತೆ ಒಂದರ ಹಿಂದೊಂದು ತಾವೇ ಹೋಗುತ್ತವೆ. ಅದಕ್ಕೆ ಸರಣಿ ಎನ್ನುತ್ತೇವೆ. ಒಳಗೆ ಕೂತವರು ಉಣ್ಣುತ್ತಾರೆ, ನಿದ್ದೆ ಮಾಡುತ್ತಾರೆ, ಮಕ್ಕಳ ತಲೆ ಬಾಚುತ್ತಾರೆ. ಹಾರ್ನ್ ಎಂಬ ಸದ್ದನ್ನು ನನ್ನ ಓಣಿಯ ಮಕ್ಕಳು ಕೇಳಿಯೇ ಇಲ್ಲ. ರಸ್ತೆಯೇ ಪ್ರತಿ ಗಾಡಿಯನ್ನೂ ಎಲ್ಲಿಗೆ, ಎಷ್ಟು ವೇಗ, ಮುಂದೆ ಎಲ್ಲಿ ತಿರುಗುವೆ ಎಂದು ಕೇಳುತ್ತಲೇ ಇರುತ್ತದೆ, ಗಾಡಿ ಉತ್ತರ ಕೊಡುತ್ತಲೇ ಇರುತ್ತದೆ. ಹಾಗೆ ಉತ್ತರ ಕೊಡಲು ಬಾರದ ಗಾಡಿಗೆ ಕಾನೂನಿನಲ್ಲಿ ಮೂಕವಾಹನ ಎಂಬ ಹೆಸರಿದೆ. ನಿಮ್ಮ ಗುಜ್ಜಿ, ಟಿಳಕವಾಡಿಗೆಲ್ಲ ಕೇಳುವಂತೆ ಗುಡುಗುವ ಗುಜ್ಜಿ, ಮೂಕವಾಹನ! ಆ ಹೆಸರನ್ನು ಮೊದಲ ಸಲ ಓದಿದಾಗ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ನನ್ನ ಹರೆಯದಲ್ಲಿ ಮೂಕವಾಹನಗಳಿಗೆ ಹಳ್ಳಿಯ ರಸ್ತೆಗಳಾದರೂ ಇದ್ದವು. ಆಮೇಲೆ ಭಾನುವಾರ ಮಾತ್ರ ಎಂದರು. ಆಮೇಲೆ ಸಾಂಬ್ರಾದ ಬಳಿ ಗೋಡೆ ಕಟ್ಟಿದ ಮೈದಾನ ಕೊಟ್ಟು, ಇದರೊಳಗೆ ಸುತ್ತಿ ಎಂದರು. ಅದಕ್ಕೆ ಹೊಗೆಯಂಗಳ ಎಂದು ಹೆಸರು. ಅತ್ತೆಯಿಂದ ನನ್ನ ಪಾಲಿಗೆ ಬಂದ ಗುಜ್ಜಿಯ ಮೇಲೆ ಗಾಣದ ಎತ್ತಿನ ಹಾಗೆ ವರ್ಷಗಟ್ಟಲೆ ಅಲ್ಲೇ ಸುತ್ತಿದೆ. ಪೆಟ್ರೋಲು ಎಂದೋ ಮುಗಿದಿತ್ತು. ಕಬ್ಬಿನ ಸ್ಪಿರಿಟ್ಟು ಹಾಕಿ ಓಡಿಸುತ್ತಿದ್ದೆವು. ಆ ಸ್ಪಿರಿಟ್ಟು ಗಾಳಿಯಲ್ಲಿನ ನೀರನ್ನು ಕುಡಿಯುತ್ತದೆ, ರಬ್ಬರನ್ನು ಉಬ್ಬಿಸುತ್ತದೆ, ಕಾರ್ಬುರೇಟರನ್ನು ಒಳಗೊಳಗೇ ತಿನ್ನುತ್ತದೆ. ಒಂದು ಗಂಟೆ ಓಡಿಸಲು ಒಂದು ವಾರ ಬಿಚ್ಚಿ ತೊಳೆಯಬೇಕು.

ಹೊಗೆಯಂಗಳದಲ್ಲಿ ನನ್ನ ಜೊತೆ ಸುತ್ತುತ್ತಿದ್ದವನು ದಾದಾಪೀರ ಬೇಪಾರಿ. ಅವನದು ಕಿತ್ತಳೆ ಬಣ್ಣದ, ಮೂರು ಸಿಲಿಂಡರಿನ ಲಾವೆರ್ಡಾ. ನಮ್ಮಿಬ್ಬರ ಸ್ನೇಹವೆಂದರೆ ನಲವತ್ತು ವರ್ಷಗಳ ಜಗಳ. ನನ್ನ ಗುಜ್ಜಿಯನ್ನು ಅವನು ನೀರೆತ್ತುವ ಪಂಪು ಎನ್ನುತ್ತಿದ್ದ. ಅವನ ಲಾವೆರ್ಡಾದ ಕ್ಲಚ್ ಹಿಡಿಯಲು ಪೈಲ್ವಾನನೇ ಬೇಕು ಎಂದು ನಾನು ಅನ್ನುತ್ತಿದ್ದೆ. ಕೊನೆಗೆ ಆ ಮಾತೇ ನಿಜವಾಯಿತು. ಅವನ ಕೈ ನಡುಗತೊಡಗಿತು. ಅದೇ ಹೊತ್ತಿಗೆ ಹೊಸ ಕಾನೂನು ಬಂತು. ಮೂಕವಾಹನಗಳು ಇನ್ನು ಸ್ಮಾರಕಗಳು. ಮಾಲೀಕರು ತಮ್ಮ ಗಾಡಿಯನ್ನು ಸರಣಿಯ ರಸ್ತೆಯಲ್ಲಿ ಪೀರನವಾಡಿಯಿಂದ ಜಾಂಬೋಟಿಯವರೆಗೆ ಓಡಿಸಿ ತೋರಿಸಬೇಕು, ಇಲ್ಲವಾದರೆ ಅದು ನಿಶ್ಚಲಾಲಯಕ್ಕೆ ಹೋಗಬೇಕು.

ನಿಶ್ಚಲಾಲಯವನ್ನು ಮ್ಯೂಸಿಯಂ ಎಂದುಕೊಂಡರೆ ಅದು ಅರ್ಧ ಸತ್ಯ. ಅಲ್ಲಿ ಇಂಜಿನ್ನಿನ ಹೊಟ್ಟೆಗೆ ಗಾಜಿನಂತೆ ಗಟ್ಟಿಯಾಗುವ ಅಂಟು ತುಂಬುತ್ತಾರೆ. ತುಕ್ಕು ಹಿಡಿಯುವುದಿಲ್ಲ, ಸವೆಯುವುದಿಲ್ಲ, ಇನ್ನೆಂದೂ ತಿರುಗುವುದೂ ಇಲ್ಲ. ದಾದಾಪೀರ ಪರೀಕ್ಷೆಯ ದಿನ ಪೀರನವಾಡಿಯಲ್ಲೇ ಕ್ಲಚ್ ಹಿಡಿಯಲಾರದೆ ನಿಂತುಬಿಟ್ಟ. ಅವನ ಲಾವೆರ್ಡಾಕ್ಕೆ ಅಂಟು ತುಂಬುವಾಗ ನಾನೂ ಪಕ್ಕದಲ್ಲಿದ್ದೆ. ಅಲ್ಲಿನ ಕೆಲಸದವರು ಶುಚಿಯಾದ ಬಿಳಿ ಅಂಗಿ ತೊಟ್ಟಿದ್ದರು, ಬಹಳ ಮರ್ಯಾದೆಯಿಂದ ಕೆಲಸ ಮಾಡಿದರು. ಹೊರಗೆ ಬಂದ ಮೇಲೆ ಅವನು, "ಅದರ ಬಾಯಾಗ ಮಣ್ಣ ಹಾಕಿದ್ರ ಅಳಬಹುದಿತ್ತ. ಇವರು ಜೇನತುಪ್ಪ ಸುರವಿದಂಗ ಸುರವಿದ್ರಲ್ಲ, ಬೈಯಾಕೂ ಬರದಂಗ ಮಾಡಿದ್ರು," ಎಂದ.

ಆಮೇಲೆ ನನ್ನ ಸರದಿ. ಮಳೆಗಾಲದ ಕೊನೆಯಲ್ಲಿ ಕರೆದರು. ಪರೀಕ್ಷಕಿ ಮೈತ್ರಾಯಿ ಹುದ್ದಾರ್, ನಮ್ಮ ಊರಿನವಳೇ, ವಯಸ್ಸಿನಲ್ಲಿ ಚಿಕ್ಕವಳು. ಹಿಂದಿನಿಂದ ಡಬ್ಬಿಗಾಡಿಯಲ್ಲಿ ಬಂದಳು. ಕಿಣಯೆ ದಾಟುವ ಮೊದಲೇ ಎಡಗಡೆಯ ಸಿಲಿಂಡರು ಸತ್ತಿತು. ಸ್ಪಿರಿಟ್ಟಿನಲ್ಲಿ ನೀರು. ಬಿಚ್ಚಿ ನೋಡಿದರೆ ಕಾರ್ಬುರೇಟರಿನ ಮೈ ಗೆದ್ದಲು ತಿಂದ ಹಲಗೆಯಂತಾಗಿತ್ತು. ಇನ್ನೊಂದು ಅವಕಾಶವಿದೆ, ಅದೇ ಕೊನೆಯದು ಎಂದು ಅವಳು ಹೇಳಿ ಹೋದಳು.

ಇಡೀ ಲೋಕದಲ್ಲಿ ಎಲ್ಲೂ ಆ ಕಾರ್ಬುರೇಟರ್ ಸಿಗಲಿಲ್ಲ. ನಾನೇ ಎರಕ ಹೊಯ್ಯಲು ಕೂತೆ. ಬದುಕಿಡೀ ಪಂಪುಗಳ, ಯಂತ್ರಗಳ ಅಚ್ಚು ಮಾಡಿದವಳು ನಾನು. ಅಂಗೈಯಷ್ಟು ಗಾತ್ರದ ಆ ವಸ್ತು ನನ್ನನ್ನು ಅಳಿಸಿತು. ಒಮ್ಮೆ ಲೋಹದೊಳಗೆ ಗುಳ್ಳೆ ಬಂತು, ಒಮ್ಮೆ ತಣಿಯುವಾಗ ಬಿರುಕು ಬಿಟ್ಟಿತು, ಒಮ್ಮೆ ಎಲ್ಲ ಸರಿಬಂದು ಒಳಗಿನ ಸಣ್ಣ ದಾರಿಯೊಂದು ಮುಚ್ಚಿಹೋಗಿತ್ತು. ದಾದಾಪೀರ ಸ್ಟೂಲಿನ ಮೇಲೆ ಕೂತು ಸಲಹೆ ಕೊಡುತ್ತಿದ್ದ. "ಮರಳ ಹಸಿ ಆಗೇತಿ ನೋಡ," ಎಂದ. "ನಿನ್ನ ತಲಿ ಹಸಿ ಆಗೇತಿ, ಮನೀಗ್ ಹೋಗ," ಎಂದು ರೇಗಿದೆ. ಅವನು ಎದ್ದುಹೋದ. ಮರುದಿನ ಮರಳನ್ನು ಒಣಗಿಸಿ ಹೊಯ್ದೆ, ಎರಕ ಚೆನ್ನಾಗಿಯೇ ಬಂತು. ಅದನ್ನು ಅವನಿಗೆ ಹೇಳಲು ಮೂರು ವಾರ ತಡೆದೆ.

ಈ ಮಾಘದ ಆರಂಭದ ಬಿಸಿಲಿನಲ್ಲಿ ಎರಡನೆಯ ಪರೀಕ್ಷೆ. ಮುತ್ತಜ್ಜ, ಅಂದು ಗುಜ್ಜಿ ಓಡಿದ ಪರಿಯನ್ನು ನೀವು ನೋಡಬೇಕಿತ್ತು. ಕಿಣಯೆ ದಾಟಿತು. ಕುಸಮಳಿಯ ಹತ್ತಿರ ಮಲಪ್ರಭೆಯ ಸೇತುವೆ ಬರುವಾಗ ಎರಡೂ ಸಿಲಿಂಡರುಗಳು ಒಂದೇ ಉಸಿರಿನಲ್ಲಿ ಹಾಡುತ್ತಿದ್ದವು. ಅಲ್ಲಿ ಮೊದಲ ಸಲ ಸರಣಿಯೊಂದರ ಬೆನ್ನಿಗೆ ಬಂದೆ, ಅದು ನಿಂತಿತು. ಹಿಂದಿನದೂ ನಿಂತಿತು. ಎದುರಿನಿಂದ ಬರುತ್ತಿದ್ದದ್ದೂ ನಿಂತಿತು. ಉತ್ತರ ಕೊಡದ ಗಾಡಿಯೊಂದು ಹತ್ತಿರ ಬಂದಿದೆ ಎಂದು ರಸ್ತೆಯೇ ಎಲ್ಲವನ್ನೂ ತಡೆದಿತ್ತು. ನನಗೂ ದಾರಿ ಉಳಿಯಲಿಲ್ಲ. ಇಳಿದು ನಿಂತೆ. ಡಬ್ಬಿಗಳಿಂದ ಜನ ಇಳಿದರು. ರೇಷ್ಮೆ ಸೀರೆಯುಟ್ಟ ಹೆಂಗಸೊಬ್ಬಳು, "ನಿಮ್ಮ ಆಟದಾಗ ನಮ್ಮ ಹುಡುಗೀ ಅಕ್ಕಿಕಾಳ ತಪ್ಪತಾವಲ್ರೀ!" ಎಂದು ಎಲ್ಲರ ಎದುರು ಬೈದಳು. ಮದುವೆಯ ಅಕ್ಷತೆಗೆ ಹೊರಟವಳು ಪಾಪ, ಅವಳದೇನು ತಪ್ಪು?

ಮೈತ್ರಾಯಿ ಇಳಿದು ಬಂದಳು. "ಅಕ್ಕಾರ, ಗಾಡಿ ಚಲೋ ಐತಿ. ಆದ್ರ ಸರಣಿ ನಿಂತಿತಲ್ಲ. ಸಂಚಾರಕ್ಕ ಅಡ್ಡಿ ಆಗದಂಗ ಓಡಬೇಕಂತ ನಿಯಮ ಐತಿ."

"ನಿಲ್ಲಿಸಿದ್ದು ನಾನಲ್ಲ ತಂಗಿ, ನಿಮ್ಮ ರಸ್ತೆ."

"ಖರೆ."

"ಹಂಗಾದ್ರ ಯಾವ ಮೂಕವಾಹನ ಬಂದ್ರೂ ರಸ್ತೆ ನಿಲ್ಲತೈತಿ. ಯಾವುದೂ ಪಾಸ್ ಆಗೂದಿಲ್ಲ."

"ಇಲ್ಲೀತನಾ ಯಾರೂ ಇಷ್ಟ ದೂರ ಬಂದಿರಲಿಲ್ಲ ಅಕ್ಕಾರ. ಅದಕ್ಕ ಯಾರಿಗೂ ಗೊತ್ತಾಗಿರಲಿಲ್ಲ," ಎಂದಳು.

ಗೆಲ್ಲಲಾಗದ ಪರೀಕ್ಷೆಗಾಗಿ ಒಂದು ಮಳೆಗಾಲ, ಒಂದು ಚಳಿಗಾಲ ಸುಟ್ಟುಕೊಂಡಿದ್ದೆ. ಮೇಲ್ಮನವಿ ಬರೆದೆ. ವಿಷಯ ಸ್ವಾರಸ್ಯಕರವಾಗಿದೆ, ಮುಂದಿನ ತಿದ್ದುಪಡಿಯಲ್ಲಿ ಪರಿಶೀಲಿಸಲಾಗುವುದು ಎಂದು ಉತ್ತರ ಬಂತು. ತಿದ್ದುಪಡಿ ಯಾವಾಗ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಗಾಡಿ ಒಯ್ಯುವ ದಿನ ತಿಳಿಸಲು ಮೈತ್ರಾಯಿಯೇ ಮನೆಗೆ ಬಂದಳು. ಚಹಾ ಕುಡಿದಳು. ಗುಜ್ಜಿಯ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ, "ಕೊಡೂ ಮುಂದ ಟ್ಯಾಂಕ ಖಾಲಿ ಇರಬೇಕರೀ. ಹೆಂಗ ಖಾಲಿ ಮಾಡಬೇಕಂತ ನಿಯಮದಾಗ ಬರದಿಲ್ಲ," ಎಂದಳು. ಹಾಗೆಂದವಳು ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೋದಳು.

ನಾನು ಟ್ಯಾಂಕು ತುಂಬಿಸಿದೆ. ಮೊನ್ನೆ ಬೆಳಿಗ್ಗೆ ದಾದಾಪೀರನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ರಸ್ತೆ ತನ್ನ ಸ್ವಭಾವದಂತೆ ಎಲ್ಲವನ್ನೂ ನಿಲ್ಲಿಸಿತು. ಈ ಸಲ ನಾನು ಇಳಿಯಲಿಲ್ಲ. ನಿಂತ ಸರಣಿಗಳ ಪಕ್ಕದ ಮಣ್ಣಿನ ಅಂಚಿನಲ್ಲಿ ನುಸುಳುತ್ತ ಕುಸಮಳಿ ದಾಟಿದೆ, ಜಾಂಬೋಟಿ ದಾಟಿದೆ. ಅಲ್ಲಿಂದಾಚೆ ಕಾಡಿನ ರಸ್ತೆ ಖಾಲಿಯಿತ್ತು. ತಿರುವಿನಲ್ಲಿ ಗಾಡಿಯನ್ನು ವಾಲಿಸಿದಾಗ ದಾದಾಪೀರ ನನ್ನ ಹೆಗಲು ಹಿಡಿದು, "ಇನ್ನ ಜೋರ ಬಿಡ! ಪಂಪ ಅಲ್ಲ ಇದು, ಪಂಪ ಅಲ್ಲ!" ಎಂದು ಕೂಗಿದ. ನಲವತ್ತು ವರ್ಷ ಕಾದ ಮಾತು. ನಾನು ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದೆ.

ಕಣಕುಂಬಿಯ ಹತ್ತಿರ ಟ್ಯಾಂಕು ಬರಿದಾಯಿತು. ಇಂಜಿನ್ನು ಎರಡು ಸಲ ಬಿಕ್ಕಿ ನಿಂತಿತು. ನಿಶ್ಚಲಾಲಯದವರು ಬಂದು ಗಾಡಿ ಎಳೆದುಕೊಂಡು ಹೋಗುವವರೆಗೂ ನಾವಿಬ್ಬರೂ ರಸ್ತೆಯ ಬದಿಯಲ್ಲಿ ಕೂತಿದ್ದೆವು. ಇನ್ನಷ್ಟು ಸ್ಪಿರಿಟ್ಟು ಡಬ್ಬದಲ್ಲಿ ತರಬೇಕಿತ್ತು ಎಂದು ಅವನು, ನೀನು ಕೂತ ಭಾರಕ್ಕೇ ಬೇಗ ಮುಗಿಯಿತು ಎಂದು ನಾನು. ಸಂಜೆಯವರೆಗೆ ಅದೇ ಜಗಳ.

ಇಂದು ಅಂಟು ತುಂಬಿದರು. ತುಂಬುವ ಮೊದಲು ಒಳಗೆಲ್ಲ ಪರೀಕ್ಷಿಸಿದ ಹುಡುಗಿಯೊಬ್ಬಳು ಮೆಚ್ಚುಗೆಯಿಂದ, "ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೀರಿ! ಮೊದಲ ಮಾಲೀಕರು ಇದನ್ನು ಓಡಿಸಿಯೇ ಇಲ್ಲವೇನೋ," ಎಂದಳು. ಅದಕ್ಕೇ, ಮುತ್ತಜ್ಜ, ಮನೆಗೆ ಬಂದು ಈ ಪತ್ರ ಹಿಡಿದು ಕೂತಿದ್ದೇನೆ. ಅತ್ತೆ ಹೇಳಿದ್ದು ನೆನಪಾಯಿತು: ನೀವು ಅದಕ್ಕೆ ಹೊದಿಕೆ ಹೊದಿಸಿ, ಹಬ್ಬಕ್ಕೊಮ್ಮೆ ಒರೆಸಿ, ಮಳೆ ಬಂದರೆ ಬೇಡ, ಧೂಳಿದ್ದರೆ ಬೇಡ, ಮುಂದಿನವರಿಗೆ ಇರಲಿ ಎನ್ನುತ್ತಿದ್ದಿರಂತೆ.

ನಿಮಗೆ ಊರೂರಿಗೆ ಪೆಟ್ರೋಲ್ ಬಂಕಿತ್ತು. ಬಿಡಿಭಾಗ ಬೇಕೆಂದರೆ ಇಟಲಿಯಿಂದ ಅಂಚೆಯಲ್ಲಿ ಬರುತ್ತಿತ್ತು. ಬೆಳಿಗ್ಗೆ ಎದ್ದು ಗೋವೆಗೆ ಹೋಗಿ ಊಟ ಮಾಡಿಕೊಂಡು ಬರುತ್ತೇನೆಂದರೆ ಯಾವ ರಸ್ತೆಯೂ ನಿಮ್ಮನ್ನು ತಡೆದು ಯಾರು ನೀನು ಎಂದು ಕೇಳುತ್ತಿರಲಿಲ್ಲ. ಅಷ್ಟೆಲ್ಲ ಇದ್ದೂ ಅದನ್ನು ನಮಗೆಂದು ಎತ್ತಿಟ್ಟಿರಿ. ನೀವು ಉಳಿಸಿದ್ದು ಗಾಡಿಯನ್ನು ಮಾತ್ರ. ಅದನ್ನು ಓಡಿಸುವ ದಿನಗಳನ್ನು ಯಾರು ಉಳಿಸಬಲ್ಲರು?

ನನ್ನದೊಂದು ಕೋರಿಕೆ. ಹೊದಿಕೆ ತೆಗೆಯಿರಿ. ಮಳೆಯಲ್ಲಿ ಓಡಿಸಿ. ಚೋರ್ಲಾ ಘಾಟಿನ ಕೆಸರಿನಲ್ಲಿ ಬೀಳಿಸಿ, ಎತ್ತಿ, ಮತ್ತೆ ಓಡಿಸಿ. ಬಣ್ಣ ಹೋಗಲಿ, ಪಿಸ್ಟನ್ನು ಸವೆದು ಬಿಸಾಡುವಂತಾಗಲಿ. ನನ್ನ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಏನೂ ಉಳಿದಿರದಿದ್ದರೂ ಸರಿ, ನಾನು ಅದನ್ನು ಕಾಣದೇ ಹೋದರೂ ಸರಿ. ಆಗ ನಾನು ಬೇರೆ ಯಾವುದೋ ಬಾಳು ಬಾಳಿರುತ್ತೇನೆ, ಗಂಡಿನ ಕಡೆಯವರು ಮರಳಿ ಬಂದಿರುತ್ತಾರೆ, ನನ್ನ ಚಿಂತೆ ನಿಮಗೆ ಬೇಡ.

ಕೀಲಿ ನಿಮ್ಮ ಕೈಯಲ್ಲಿದೆ. ಎದ್ದು ಹೊರಡಿ.

ನಿಮ್ಮ ಮೇಲೆ ಬಹಳ ಸಿಟ್ಟಿರುವ,
ಚಂದನಾ