ಕೇಳುವವಳ ಪಾಲು

ಕಾರ್ಖಾನೆಯ ಹಿಂದಿನ ಬಾಡಿಗೆ ಮನೆ,
ಭಾನುವಾರ ಮಧ್ಯಾಹ್ನ

ಮುನಿಸಿಕೊಂಡು ಕೂತಿರುವ ನನ್ನ ಪ್ರೀತಿಯ ಅಮ್ಮಾ,

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಚಿಕ್ಕಮ್ಮನ ಮನೆಯ ಲಿಫ್ಟ್ ಕೆಟ್ಟಿದೆಯಂತೆ, ನೀನು ಹಟಕ್ಕೆ ದಿನಾ ಮೆಟ್ಟಿಲು ಹತ್ತಿ ಇಳಿಯುತ್ತೀಯಂತೆ. ನಾನು ಫೋನ್ ಮಾಡಿದರೆ ಚಿಕ್ಕಮ್ಮನೇ ಎತ್ತಿ "ಮಲಗಿದ್ದಾಳೆ ಕಣೇ" ಅನ್ನುತ್ತಾಳೆ, ಹಿಂದಿನಿಂದ ನೀನು ಕೆಮ್ಮುವುದು ಕೇಳಿಸುತ್ತದೆ. ನಿದ್ದೆಯಲ್ಲಿರುವವರು ಅಷ್ಟು ಕೋಪದಿಂದ ಕೆಮ್ಮುವುದಿಲ್ಲ ಅಮ್ಮಾ. ಕೆಮ್ಮಿಗೆ ಬಿಸಿನೀರು ಕುಡಿ, ಕೋಪಕ್ಕೆ ಈ ಕಾಗದ ಓದು. ಅರ್ಧ ಓದಿ ಹರಿದು ಹಾಕಬೇಡ.

ಕೇಸಿನ ತೀರ್ಪು ಬಂತು. ನಾನು ಗೆದ್ದೆ ಅಂತ ಬರೆದರೆ ನಿನ್ನ ಮುಖ ಹೇಗಾಗುತ್ತದೆಂದು ಗೊತ್ತು, ಆದರೂ ಬರೆಯುತ್ತೇನೆ: ಗೆದ್ದೆ. ನೀನು ಅಣ್ಣನ ಬಾಯಿಂದ ಕೇಳಿದ ಕಥೆ ಒಂದು, ನಡೆದದ್ದು ಇನ್ನೊಂದು. ನನ್ನ ಬಾಯಿಂದ ಒಂದು ಮಾತನ್ನೂ ಕೇಳದೆ, "ಒಡಹುಟ್ಟಿದವನ ಮೇಲೆ ಕೇಸು ಹಾಕೋಳು ನನ್ನ ಮಗಳೇ ಅಲ್ಲ" ಎಂದು ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಸೇರಿಸಿ ಬುಡದಿಂದ ಬರೆಯುತ್ತೇನೆ.

ಅಪ್ಪ ಕಂಪನಿಯನ್ನು ಹಂಚಿಹೋದದ್ದು ನೆನಪಿದೆಯಲ್ಲ? ಷೇರುಗಳಲ್ಲಿ ಅರ್ಧ ಅಣ್ಣನಿಗೆ, ಮೂರನೇ ಒಂದು ಪಾಲು ನನಗೆ, ಮಿಕ್ಕಿದ್ದು ನಿನಗೆ. ಅಣ್ಣ ಮಾರುಕಟ್ಟೆ ನೋಡಿಕೊಳ್ಳುವುದು, ನಾನು ಅಚ್ಚಿನ ವಿಭಾಗ. ಪಂಪಿಗೆ, ಕುಕ್ಕರಿಗೆ, ನಲ್ಲಿಗೆ ಬೇಕಾದ ರಬ್ಬರ್ ವಾಷರುಗಳ ಅಚ್ಚು ಕೆತ್ತಿ ಕೆತ್ತಿ ನನ್ನ ಬೆರಳಿನ ತುದಿ ಇನ್ನೂ ಕಪ್ಪಗೇ ಇದೆ. "ಹೆಚ್ಚಿರೋನು ನಡೆಸ್ಲಿ, ಕಡಿಮೆ ಇರೋಳು ಕೇಳ್ಲಿ. ಕೇಳೋರಿಲ್ದಿದ್ರೆ ನಡೆಸೋನು ಕೆಡ್ತಾನೆ" ಎಂದಿದ್ದರು ಅಪ್ಪ. ನಾನು ಮಾಡಿದ್ದು ಇಷ್ಟೇ, ಕೇಳಿದೆ. ಪ್ರೆಸ್ಸುಗಳು ಹಗಲೆಲ್ಲ ಉಸಿರು ಬಿಡದೆ ಓಡುತ್ತಿವೆ, ಲಾರಿ ತುಂಬಿ ಹೋಗುತ್ತಿದೆ, ಆದರೂ ಕಂಪನಿಗೆ ನಷ್ಟ ಯಾಕೆ? ಯಾಕೆಂದರೆ ಅತ್ತಿಗೆ ಮಾಳಿಗೆಯ ಕೋಣೆಯಲ್ಲಿ ಒಂದು ಮೇಜು, ಒಂದು ಬೋರ್ಡು ಹಾಕಿಕೊಂಡು ಬೇರೆ ವ್ಯಾಪಾರ ತೆರೆದಿದ್ದಳು. ನಮ್ಮ ಸರಕೆಲ್ಲ ಅವಳಿಗೆ ಅಗ್ಗಕ್ಕೆ, ಅವಳಿಂದ ಅದೇ ಸರಕು ಅಂಗಡಿಗಳಿಗೆ ಸರಿಯಾದ ಬೆಲೆಗೆ. ಹಸು ಕಂಪನಿಯದು, ಹುಲ್ಲು ಕಂಪನಿಯದು, ಕರೆಯುವ ಚೊಂಬು ಮಾತ್ರ ಅತ್ತಿಗೆಯದು. ಅಣ್ಣನನ್ನು ಕೇಳಿದರೆ, "ಅಚ್ಚು ಕೆತ್ತೋಳು ಅಚ್ಚು ಕೆತ್ತು" ಅಂದ.

ಕೇಳುವುದನ್ನು ನಿಲ್ಲಿಸಲಿಲ್ಲ. ಒಂದು ಬೆಳಿಗ್ಗೆ ಗೇಟಿನ ಕಾವಲುಗಾರ, ಪಾಪ, ನನ್ನ ಮುಖ ನೋಡಲಾರದೆ ನೆಲ ನೋಡುತ್ತಾ ನಿಂತ. "ನಿಮ್ಮನ್ನ ಒಳಗೆ ಬಿಡಬಾರದಂತೆ ಅಕ್ಕಾ" ಅಂದ. ನನಗೆ ತಿಳಿಸದೆಯೇ ಸಭೆ ನಡೆಸಿ ನನ್ನನ್ನು ನಿರ್ದೇಶಕಿಯ ಸ್ಥಾನದಿಂದ ತೆಗೆದಿದ್ದರು. ಅಷ್ಟಕ್ಕೇ ಬಿಡಲಿಲ್ಲ. ರಾಶಿ ಹೊಸ ಷೇರು ಮಾಡಿ ಅಷ್ಟನ್ನೂ ಅಣ್ಣ ತನ್ನ ಹೆಸರಿಗೇ ಬರೆದುಕೊಂಡಿದ್ದ. ನನ್ನ ಷೇರು ಯಾರೂ ಕದಿಯಲಿಲ್ಲ, ಎಣಿಸಿದರೆ ಅಷ್ಟೇ ಇವೆ. ಆದರೆ ಲೋಟ ಹಾಲಿಗೆ ಕೊಡ ನೀರು ಸುರಿದು "ನಿನ್ನ ಹಾಲು ಅದರಲ್ಲೇ ಇದೆ, ಕುಡಿ" ಅಂದ ಹಾಗೆ. ನಿನ್ನ ಪಾಲಿಗೂ ಅದೇ ನೀರು ಬಿದ್ದಿದೆ, ಅದನ್ನು ಅವನು ನಿನಗೆ ಹೇಳಿರಲಿಕ್ಕಿಲ್ಲ. ಗೇಟಿನ ಹೊರಗೆ ನಿಂತು ನಾನು ಅಳಲಿಲ್ಲ ಅಮ್ಮಾ. ಒಳಗಿನಿಂದ ಬೆಂದ ರಬ್ಬರಿನ ವಾಸನೆ ಬರುತ್ತಿತ್ತು. ಅದನ್ನು ಮೂಗು ತುಂಬ ಎಳೆದುಕೊಂಡು ನೇರ ವಕೀಲರಮ್ಮನ ಹತ್ತಿರ ಹೋದೆ.

ವಕೀಲರಮ್ಮ ಬೇಕರಿಯ ಮೇಲಿನ ಕೋಣೆಯಲ್ಲಿ ಕೂರುತ್ತಾರೆ. ಕುಳ್ಳಗೆ, ದಪ್ಪ ಕನ್ನಡಕ, ಮಾತು ಕತ್ತರಿ. "ಸೇಡು ಬೇಕಾ, ನ್ಯಾಯ ಬೇಕಾ? ಸೇಡು ನನ್ನ ಅಂಗಡೀಲಿ ಸಿಗಲ್ಲ" ಅಂದರು ಮೊದಲಿಗೇ. ಕಂಪನಿ ಮುಚ್ಚಿಸುವುದು ಒಂದು ದಾರಿ, ಆದರೆ ಅದರಲ್ಲಿ ಕೆಲಸಗಾರರ ಹೊಟ್ಟೆಯ ಮೇಲೆ ಮೊದಲ ಏಟು. ಅದಕ್ಕೇ ಕಾನೂನು ಇನ್ನೊಂದು ದಾರಿ ಇಟ್ಟಿದೆಯಂತೆ: ಹೆಚ್ಚು ಪಾಲಿನವರು ಕಡಿಮೆ ಪಾಲಿನವರನ್ನು ತುಳಿದರೆ, ಕಂಪನಿಯನ್ನು ಮನಸ್ಸಿಗೆ ಬಂದಂತೆ ನಡೆಸಿದರೆ, ಕಂಪನಿ ಉಳಿಸಿಕೊಂಡೇ ಅನ್ಯಾಯ ಸರಿಪಡಿಸಿ ಎಂದು ಕಂಪನಿ ನ್ಯಾಯಮಂಡಳಿಯನ್ನು ಕೇಳಬಹುದು. ಆದರೆ ಹಾಗೆ ಕೇಳಲು ಷೇರಿನಲ್ಲಿ ಹತ್ತನೇ ಒಂದು ಭಾಗವಾದರೂ ಇರಬೇಕು. ನೀರು ಬಿದ್ದ ಮೇಲೆ ನನ್ನದು ಅಷ್ಟೂ ಇರಲಿಲ್ಲ. ಅಣ್ಣನ ವಕೀಲ ಲೆಕ್ಕ ಹಾಕಿಯೇ ಸುರಿದಿದ್ದ. ವಕೀಲರಮ್ಮ ನಕ್ಕರು. "ಇಲ್ಲಾ ಅಂದ್ರೆ ಸದಸ್ಯರಲ್ಲಿ ಹತ್ತರಲ್ಲಿ ಒಬ್ಬರಾದ್ರೂ ಸಾಕು ಅಂತಾನೂ ಕಾನೂನಿದೆ. ನಿಮ್ಮ ಕಂಪನೀಲಿ ಇರೋದೇ ಮೂರು ತಲೆ. ಪಾಲು ಕರಗಿಸಬಹುದು ಕಣಮ್ಮ, ತಲೆ ಕರಗ್ಸೋಕಾಗಲ್ಲ!"

ವಿಚಾರಣೆಯ ಕೋಣೆ ನೀನು ಅಂದುಕೊಂಡಂತೆ ಸಿನಿಮಾ ಕೋರ್ಟಿನ ಹಾಗಿಲ್ಲ. ಉದ್ದ ಬೆಂಚು, ಗರಗರ ಎನ್ನುವ ಫ್ಯಾನು, ಆಕಳಿಸುವ ಗುಮಾಸ್ತ. ಅಣ್ಣನ ವಕೀಲ "ಇದು ಅಣ್ಣತಂಗಿಯರ ಮನಸ್ತಾಪ, ಕಂಪನಿಗೆ ಸಂಬಂಧವಿಲ್ಲ" ಎಂದು ವಾದಿಸಿದ. ನ್ಯಾಯಮಂಡಳಿಯ ಹಿರಿಯರು ಕಡೆಗೆ ಅಣ್ಣನನ್ನೇ ಕೇಳಿದರು, "ಹೊಸ ಷೇರು ತಗೋತೀರಾ ಅಂತ ತಾಯಿನ, ತಂಗೀನ ಯಾಕ್ರಿ ಕೇಳ್ಲಿಲ್ಲ?" "ಕಂಪನಿಗೆ ಅರ್ಜೆಂಟಾಗಿ ದುಡ್ಡು ಬೇಕಿತ್ತು ಸ್ವಾಮಿ." "ಬಂದ ದುಡ್ಡು ಎಲ್ಲಿಗೆ ಹೋಯ್ತು?" ಅದು ಮುಂಗಡದ ಹೆಸರಲ್ಲಿ ಅತ್ತಿಗೆಯ ವ್ಯಾಪಾರಕ್ಕೇ ಹೋಗಿತ್ತು. ಅಣ್ಣ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಚಿಕ್ಕಂದಿನಲ್ಲಿ ಅಪ್ಪನ ಮುಂದೆ ನಿಲ್ಲುತ್ತಿದ್ದ ಅದೇ ನಿಲುವು. ಕನಿಕರ ಬಂತು, ಹೌದು. ಹಾಗಂತ ಹೆಜ್ಜೆ ಹಿಂದಿಡಲಿಲ್ಲ.

ಮೊಗಸಾಲೆಯಲ್ಲಿ ಅಣ್ಣ ಹತ್ತಿರ ಬಂದ. "ಬೆಲೆ ಹೇಳು. ನಿನ್ನ ಪಾಲು ಮಾರಿ ನೆಮ್ಮದಿಯಾಗಿರು." ನ್ಯಾಯಮಂಡಳಿಯೂ ಅದನ್ನೇ ಕೇಳಿತು: ಹೊರಗಿನವರಿಂದ ಬೆಲೆ ಕಟ್ಟಿಸುತ್ತೇವೆ, ಪಾಲು ಕೊಟ್ಟು ಹೋಗುತ್ತೀರಾ? ಬಹಳ ಜನ ಹೋಗುತ್ತಾರಂತೆ. ತಪ್ಪೇನಲ್ಲ. ಆದರೆ ನಾನು ಎದ್ದು ನಿಂತು ಹೇಳಿದೆ, "ತಪ್ಪು ಮಾಡ್ದೋರು ಒಳಗೆ, ಕೇಳ್ದೋಳು ಹೊರಗೆ ಅಂದ್ರೆ ಅದು ಬೆಲೆ ಅಲ್ಲ ಸ್ವಾಮಿ, ಬಾಯಿಗೆ ಬೀಗ. ನಾನು ಹೋಗಲ್ಲ." ಗುಮಾಸ್ತನ ಆಕಳಿಕೆ ಅರ್ಧಕ್ಕೇ ನಿಂತಿತು.

ತೀರ್ಪು ಹೀಗೆ: ಹೊಸ ಷೇರುಗಳೆಲ್ಲ ರದ್ದು. ನಿರ್ದೇಶಕಿಯ ಸ್ಥಾನ ವಾಪಸು. ಅತ್ತಿಗೆಯ ವ್ಯಾಪಾರದ ಜೊತೆ ವ್ಯವಹಾರ ಬಂದ್, ಅದರಿಂದ ಬಂದ ಲಾಭ ಕಂಪನಿಗೆ ಹಿಂದಿರುಗಬೇಕು. ಹೊರಗಿನ ಲೆಕ್ಕಪರಿಶೋಧಕರೊಬ್ಬರು ಕೆಲಕಾಲ ಸಭೆಗಳಲ್ಲಿ ಕೂತು ನೋಡುತ್ತಾರೆ. ಅಣ್ಣನನ್ನು ಜೈಲಿಗೆ ಕಳಿಸಿದೆ ಎಂದು ಅಲ್ಲಿ ಯಾರಾದರೂ ಹೇಳಿದ್ದರೆ ನಂಬಬೇಡ. ಅವನು ಅವನ ಕುರ್ಚಿಯಲ್ಲೇ ಇದ್ದಾನೆ, ಕೇಳುವವರಿದ್ದಾರೆ ಅಷ್ಟೆ. ಮೊನ್ನೆ ಒಳಗೆ ಹೋದಾಗ ನನ್ನ ಕೋಣೆಯ ತುಂಬ ಖಾಲಿ ರಟ್ಟಿನ ಡಬ್ಬಿ. ಒಂದೊಂದೇ ಎತ್ತಿ ಹೊರಗಿಟ್ಟೆ. ಅಣ್ಣ ಬಾಗಿಲಲ್ಲಿ ನಿಂತು, ನನ್ನನ್ನಲ್ಲ, ಗೋಡೆಯನ್ನು ನೋಡುತ್ತಾ, "ದೊಡ್ಡ ಪ್ರೆಸ್ಸಿನ ಅಚ್ಚಿನ ಅಂಚು ಸವೆದಿದೆ. ನೋಡು" ಅಂದು ಹೋದ. ಕ್ಷಮೆ ಅಂತೂ ಅಲ್ಲ. ಹೋಗಿ ಅಚ್ಚು ನೋಡಿದೆ. ನಿಜವಾಗಿಯೂ ಅಂಚು ಸವೆದಿತ್ತು.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ಇನ್ನು ಮೇಲೆ ನಿನ್ನ ಪರವಾಗಿ ಸುಳ್ಳು ಹೇಳಬೇಡ ಎಂದೂ ಹೇಳು. ಮೆಟ್ಟಿಲ ಹತ್ತಿರ ಕಂಬಿ ಹಿಡಿದು ಇಳಿ. ಬೈಯಬೇಕಿದ್ದರೆ ಫೋನಿನಲ್ಲಿ ಬೈ, ಕಾದಿರುತ್ತೇನೆ.

ಕಾಲಿಗೆ ಬಿದ್ದರೂ ತಲೆ ಬಗ್ಗಿಸದ,
ನಿನ್ನ ಕಿರಿಮಗಳು

ತಾ.ಕ.: ಮರೆತಿದ್ದೆ ಅಂತ ಬರೆಯಲಾರೆ, ಮರೆತಿರಲಿಲ್ಲ. ಬರೆಯುವ ಧೈರ್ಯ ಈಗ ಬಂತು: ಅರ್ಧ ಪಾಲಿನಿಂದ ಅಣ್ಣ ಒಬ್ಬನೇ ನನ್ನನ್ನು ತೆಗೆಯಲಾಗುತ್ತಿರಲಿಲ್ಲ. ಅವನು "ಇಲ್ಲೊಂದು ಸಹಿ ಹಾಕಮ್ಮ" ಎಂದು ಹಿಡಿದ ಹಾಳೆಗೆ ನೀನು ಓದದೆ ಸಹಿ ಹಾಕಿದ್ದೆಯಲ್ಲ, ಆ ಬಲದಿಂದ ಸಭೆಯಲ್ಲಿ ನಿನ್ನ ಮತವನ್ನೂ ಅವನೇ ಹಾಕಿದ. ನಿನ್ನನ್ನು ಸಾಕ್ಷಿಗೆ ಕರೆಸೋಣ ಎಂದರು ವಕೀಲರಮ್ಮ, ನಾನು ಬೇಡ ಅಂದೆ. ಬರುವ ತಿಂಗಳು ಮತ್ತೆ ಸಭೆ ಇದೆ, ಕಾರ್ಖಾನೆ ಯಾರು ನಡೆಸಬೇಕೆಂಬುದೇ ವಿಷಯ. ಈ ಸಲ ನೋಟಿಸು ನಿನ್ನ ಹೆಸರಿಗೇ, ಚಿಕ್ಕಮ್ಮನ ಮನೆಗೇ ಬರುತ್ತದೆ. ಯಾರಿಗೂ ಸಹಿ ಹಾಕಿ ಕೊಡಬೇಡ, ನನಗೂ ಬೇಡ. ಆಟೋ ಹತ್ತಿ ನೀನೇ ಬಾ. ನನ್ನ ವಿರುದ್ಧ ಕೈ ಎತ್ತಬೇಕು ಅನ್ನಿಸಿದರೆ ಧಾರಾಳವಾಗಿ ಎತ್ತು ಅಮ್ಮಾ. ಎತ್ತುವವಳು ಮಾತ್ರ ನೀನೇ ಆಗಿರು.