ಬೆನ್ನಿನ ಜಿಪ್ಪು

ಮಂಗಳವಾರ, ೧೪

ನಾನು ಹೊಲಿದ ಟೀಚರಮ್ಮನ ಗೌನು ಮಡಿಲಲ್ಲಿದೆ. ಜಿಪ್ಪಿನ ಹೊಲಿಗೆ ಬಿಚ್ಚಲು ಕೈ ಬರುತ್ತಿಲ್ಲ. "ಜಿಪ್ಪು ಮುಂದುಗಡೆ ಇರಲಿ" ಎಂದು ಅವರು ಬಿಡಿಸಿ ಹೇಳಿದ್ದರು. ಮುಂದಿಟ್ಟರೆ ಚೀಲದ ಹಾಗೆ ಕಾಣುತ್ತದೆಂದು ನಾನೇ ದೊಡ್ಡ ಜಾಣೆಯ ಹಾಗೆ ಬೆನ್ನಿಗಿಟ್ಟೆ. ನೋಡಿದರೆ ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಇವತ್ತು ಅಂಗಡಿಯಲ್ಲಿ ಹಾಕಿ ನೋಡಲು ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಪರದೆ ಸರಿಸಿ, "ಸ್ವಲ್ಪ ಎಳೀತೀಯಾ ತಾಯಿ?" ಅಂದರು. ಎಳೆದೆ.

"ಚೆನ್ನಾಗೇ ಇದೆ ಕಣಮ್ಮ. ಆದ್ರೆ ಎಳೆಯೋಕೆ ಮನೇಲಿ ಈಗ ಅವರಿಲ್ವಲ್ಲ."

ಅವರ ಯಜಮಾನರು ತೀರಿಕೊಂಡದ್ದು ನನಗೆ ಗೊತ್ತಿತ್ತು. ಹೋಗಿ ಮಾತಾಡಿಸಿಕೊಂಡೂ ಬಂದಿದ್ದೆ! ಆದರೂ ಹೊಳೆಯಲಿಲ್ಲ.

ಒಳಗಿನಿಂದ ನಮ್ಮವರು ಕೂಗುತ್ತಿದ್ದಾರೆ: "ಇನ್ನೂ ಬಟ್ಟೆ ಬದಲಾಯಿಸಿಲ್ವಾ? ಬಾ, ನಿನ್ನ ಗೌನಿನ ಜಿಪ್ಪು ಎಳೀತೀನಿ."

ಯಾವ ಮುಖ ಇಟ್ಟುಕೊಂಡು ಹೋಗಿ ಬೆನ್ನು ತಿರುಗಿಸಿ ನಿಲ್ಲಲಿ...