ವೀರಕಂಕಣ ಎಂದು ನಾನು ಕೂಗಿದ ಗೆರೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 8

ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿದ್ದಾಯಿತು. ಬಚ್ಚಲಲ್ಲಿ ನಿಂತು ಮೂರು ಸಲ "ಯಾರಲ್ಲಿ!" ಎಂದು ಗರ್ಜಿಸಿದೆ. ಮೇಲಿನ ಮನೆಯವರು ನೆಲ ಕುಟ್ಟಿದರು. ಗಂಟಲು ನೆಟ್ಟಗಿದೆ.

ಇವತ್ತು ಐದು ತಂಡ. ಮ್ಯೂಸಿಯಂನ "ವೀರಯುಗಗಳು" ವಿಭಾಗ, ನಾಲ್ಕು ಕೋಣೆ. ಮೊದಲನೆಯದರಲ್ಲಿ ಕತ್ತಿ, ಗುರಾಣಿ. ಎರಡನೆಯದರಲ್ಲಿ ಕಾವ್ಯದ ವೀರರ ಚಿತ್ರಗಳು. ಮೂರು, ವಿಜ್ಞಾನ. ನಾಲ್ಕರಲ್ಲಿ ಸಿನಿಮಾ — ಪ್ಯಾಂಟಿನ ಮೇಲೆ ಚಡ್ಡಿ ತೊಟ್ಟು ಹಾರುವ ಮಹಾಶಯನ ಆಳೆತ್ತರದ ಪೋಸ್ಟರ್. ನನ್ನ ಬ್ಯಾಡ್ಜಿನ ಮೇಲೆ "ಗೈಡ್" ಎಂದಿದೆ. ಎಲ್ಲರೂ ಕರೆಯುವುದು ಗುಡುಗಪ್ಪ. ನಾಟಕ ಕಂಪನಿ ಮುಚ್ಚಿ ಹನ್ನೊಂದು ವರ್ಷ. ಅಂದಿನಿಂದ ಇದೇ ರಂಗಸ್ಥಳ. ಮೈಕ್ ಮುಟ್ಟಿಲ್ಲ. ಮುಟ್ಟುವುದೂ ಇಲ್ಲ.

ಸಂಜೆ 6

ಮೂರನೇ ಕೋಣೆಯಲ್ಲಿ ಇವತ್ತೂ ಚಪ್ಪಾಳೆ. ಐದಕ್ಕೆ ಐದೂ ತಂಡ! ಎಲ್ಲ ಆ ಗಾಜಿನ ಪ್ಲೇಟಿನ ಪ್ರತಾಪ. ಊರಿಗೆ ಮೊದಲ ಎಕ್ಸ್‌ರೇ ಯಂತ್ರ ತಂದ ಡಾಕ್ಟರು ತೆಗೆದ ಮೊದಲ ಚಿತ್ರ. ಒಂದು ಕೈಯ ಮೂಳೆಗಳು ಬೆಳ್ಳಗೆ. ಮಣಿಕಟ್ಟಿನಲ್ಲಿ ಬಳಸಿಕೊಂಡ ಒಂದು ಗೆರೆ. ಕೋಣೆಯ ದೀಪ ಆರಿಸಿ, ಪ್ಲೇಟಿನ ಹಿಂದಿನ ಬಲ್ಬ್ ಒಂದನ್ನೇ ಉಳಿಸಿ, ಎದೆ ತುಂಬ ಉಸಿರೆಳೆದುಕೊಂಡು —

"ಕಿರಣಗಳು ಕೈ ಸುಟ್ಟವು! ಬೆರಳು ತಿಂದವು! ಹಿಂದೆ ಸರಿದರೇ ಡಾಕ್ಟರು? ಇಲ್ಲ! ನೋಡಿ ಆ ಮಣಿಕಟ್ಟಿನಲ್ಲಿ — ವೀರಕಂಕಣ!"

ಈ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಮೊದಲ ವರ್ಷ ಒಂದು ದಿನ ಕಲಿತ ಮಾತು ಮರೆತುಹೋಯಿತು. ನಾಟಕದಲ್ಲಾದರೆ ಪರದೆಯ ಮರೆಯಿಂದ ಇವಳು ಎತ್ತಿಕೊಡುತ್ತಿದ್ದಳು. ಕಂಪನಿಯ ಪ್ರಾಂಪ್ಟರ್ ಇವಳು, ನನ್ನ ಹೆಂಡತಿ. ಇಲ್ಲಿ ಇವಳಿಲ್ಲ. ಮಾತು ತಪ್ಪಿದರೆ ನಿಲ್ಲಬಾರದು, ಬಾಯಿಗೆ ಬಂದದ್ದನ್ನು ಆಡಿ ಮುಂದೆ ಹೋಗಬೇಕು — ಕಂಪನಿಯ ಪಾಠ. ಆ ಕಾಲದ ಎಕ್ಸ್‌ರೇ ಕೆಲಸದವರ ಕೈ ಸುಡುತ್ತಿತ್ತು ಎಂದು ಎಲ್ಲೋ ಓದಿದ್ದೆ. ಡಾಕ್ಟರ ಕೈಗೆ ಅಂಟಿಸಿದೆ. ಆ ಗೆರೆ ಕಣ್ಣಿಗೆ ಬಿತ್ತು. ನಲವತ್ತು ವರ್ಷ ತಗಡಿನ ಕಂಕಣ ತೊಟ್ಟು ಯುದ್ಧಕ್ಕೆ ಹೊರಟವನಿಗೆ ಅದು ಇನ್ನೇನಾಗಿ ಕಾಣಬೇಕು?

ಫೆಬ್ರವರಿ 6, ಗುರುವಾರ

ನಿರ್ದೇಶಕರು ಕರೆದರು. ಮಾರ್ಚ್ ಎರಡಕ್ಕೆ ಮೂರನೇ ಕೋಣೆಯ ಹೊಸ ರೂಪದ ಉದ್ಘಾಟನೆ. ಡಾಕ್ಟರ ಮೊಮ್ಮಗ ದಾನಿ. ಡಾಕ್ಟರ ಎದೆಮಟ್ಟದ ಪ್ರತಿಮೆ. ಅದರ ಕೆಳಗೆ ಹಿತ್ತಾಳೆ ಅಕ್ಷರದಲ್ಲಿ ನನ್ನ ಮಾತು! ಬಂದವರಿಗೆಲ್ಲ ಹೆಡ್‌ಫೋನ್, ಅದರಲ್ಲಿ ನನ್ನ ಧ್ವನಿ. "ನೀವು ಅಮರ ಆಗ್ತೀರಿ ಗುಡುಗಪ್ಪನವರೇ" ಎಂದರು.

ಮನೆಗೆ ಬಂದು ಹೇಳಿದೆ. ಇವಳು ಬಟ್ಟೆ ಮಡಚುತ್ತಿದ್ದಳು.

"ಅಮರ ಆಗೋಕೆ ಮುಂಚೆ ಆ ಟವೆಲ್ ಒಣಗಹಾಕಿ."

ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ

ತಂಡದ ಕೊನೆಯಲ್ಲಿ ಒಬ್ಬ ವೃದ್ಧೆ. ಊರುಗೋಲು. ಎಲ್ಲರೂ ಚಪ್ಪಾಳೆ ತಟ್ಟಿದರು, ಆಕೆ ತಟ್ಟಲಿಲ್ಲ. ಕೋಣೆ ಖಾಲಿಯಾಗುವವರೆಗೆ ಕಾದರು.

"ನಿಮ್ಮ ಧ್ವನಿ ಚೆನ್ನಾಗಿದೆ ಕಣಪ್ಪ."

"ನಿಮ್ಮ ಆಶೀರ್ವಾದ ತಾಯಿ."

"ಹೇಳಿದ್ದು ಸುಳ್ಳು."

ಊರುಗೋಲೆತ್ತಿ ಪ್ಲೇಟಿನ ಗೆರೆ ತೋರಿಸಿದರು.

"ಅದು ಕಂಕಣ ಅಲ್ಲ. ಬಳೆ. ನಮ್ಮಮ್ಮಂದು."

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರಂತೆ. ದನಿ ಎತ್ತಲೇ ಇಲ್ಲ. ಒಂದು ಅಕ್ಷರವೂ ತಪ್ಪದೆ ಕಿವಿಗೆ ಬಿತ್ತು.

"ನಮ್ಮಮ್ಮ ಡಾಕ್ಟರ ಸಹಾಯಕಿ. ದಿನಾ ಬೆಳಿಗ್ಗೆ ರೋಗಿಗಳು ಬರೋಕೆ ಮುಂಚೆ ಯಂತ್ರ ಸರಿಯಾಗಿ ಉರೀತಿದೆಯಾ ಅಂತ ನೋಡ್ಬೇಕಲ್ಲ? ತನ್ನ ಕೈನೇ ಒಡ್ಡಿ ನೋಡೋಳು. ಹದಿನಾಲ್ಕು ವರ್ಷ. ಮೊದ್ಲು ಉಗುರು ಹೋಯ್ತು. ಆಮೇಲೆ ಬೆರಳು. ನಂಗೆ ಜಡೆ ಹಾಕ್ತಿದ್ದಾಗ ಆ ಕೈಯಲ್ಲಿ ಎರಡೇ ಬೆರಳು."

"ಡಾಕ್ಟರ ಕೈ?"

"ಕೊನೇವರೆಗೂ ಪಿಟೀಲು ನುಡಿಸ್ತಿದ್ರು. ಒಳ್ಳೆಯವರು. ತಮ್ಮ ಕೈ ಸುಟ್ಟಿತು ಅಂತ ಒಂದು ದಿನವೂ ಹೇಳ್ಕೊಂಡವರಲ್ಲ. ಹೇಳಿದ್ದು ನೀವು."

ಹೊರಡುವಾಗ ಬಾಗಿಲಲ್ಲಿ ನಿಂತರು.

"ನಮ್ಮ ಮರಿಮಗಳು ಶಾಲೆಯವರ ಜೊತೆ ಬಂದಿದ್ಲು. ಮನೆಗೆ ಬಂದು ಕಂಕಣದ ಕಥೆ ಹೇಳಿದ್ಲು, ಅಭಿನಯ ಸಮೇತ. ನಂಗೇ ಹೇಳಿದ್ಲು."

ಫೆಬ್ರವರಿ 20, ಗುರುವಾರ

ಒಂಬತ್ತು ದಿನ ಪೆನ್ನು ಹಿಡಿಯಲಿಲ್ಲ. ಗಂಟಲು ಕೆಟ್ಟಿದೆ ಎಂದು ರಜೆ ಹಾಕಿದೆ. ಗಂಟಲಿಗೆ ಏನೂ ಆಗಿಲ್ಲ.

ನಿನ್ನೆ ಆ ವೃದ್ಧೆಯ ಮನೆಗೆ ಹೋಗಿದ್ದೆ. ಎರಡು ಕೋಣೆ, ಕಿಟಕಿಯಲ್ಲಿ ಹೊಲಿಗೆ ಯಂತ್ರ. ತಾಯಿಯ ಫೋಟೊ: ಸೆರಗಿನೊಳಗೆ ಬಲಗೈ ಬಚ್ಚಿಟ್ಟುಕೊಂಡು ಕ್ಯಾಮೆರಾವನ್ನು ದುರುಗುಟ್ಟಿ ನೋಡುವ ಹೆಣ್ಣು. ತವರದ ಡಬ್ಬಿಯಲ್ಲಿ ಬಳೆ. ಕೈ ಬಾತಾಗ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದದ್ದು. ಎರಡು ತುಂಡು. ಒಂದು ತುಂಡಿನಲ್ಲಿ ಹೆಸರುಕಾಳಿನಷ್ಟು ತಗ್ಗು.

ಇವತ್ತು ಮ್ಯೂಸಿಯಂಗೆ ಹೋಗಿ, ಕೇಳಿ ತಂದಿದ್ದ ಆ ತುಂಡನ್ನು ಪ್ಲೇಟಿನ ಪಕ್ಕ ಹಿಡಿದೆ. ಗೆರೆಯಲ್ಲೂ ಅದೇ ಜಾಗದಲ್ಲಿ ಅದೇ ತಗ್ಗು. ಹನ್ನೊಂದು ವರ್ಷ ದಿನಕ್ಕೆ ಐದು ಸಲ ಬೆರಳು ತೋರಿಸಿದೆ. ಒಂದು ಸಲವೂ ನೋಡಲಿಲ್ಲ.

ರಟ್ಟಿನ ಗದೆಯಿಂದ ಎಷ್ಟೋ ರಾಕ್ಷಸರನ್ನು ಕೊಂದಿದ್ದೇನೆ. ಎಲ್ಲರೂ ಪರದೆ ಬಿದ್ದ ಮೇಲೆ ಎದ್ದು ಚಹಾ ಕುಡಿದರು. ಈ ಬಳೆ ತೊಟ್ಟವಳು ಏಳಲಿಲ್ಲ.

ಫೆಬ್ರವರಿ 21, ಶುಕ್ರವಾರ

ನಿರ್ದೇಶಕರ ಮೇಜಿನ ಮೇಲೆ ಬಳೆಯ ತುಂಡು ಇಟ್ಟೆ. ಎಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸಿದರು.

"ನೀವೇ ಹುಟ್ಟಿಸಿದ ಮಾತು. ಈಗ ನೀವೇ ಕತ್ತು ಹಿಸುಕ್ತೀನಿ ಅಂತೀರಲ್ಲ?"

"ಹುಟ್ಟಿಸಿದವನಿಗೇ ಗೊತ್ತು ಸಾರ್, ಅದು ಯಾರ ತುತ್ತು ಕಿತ್ಕೊಂಡು ಬೆಳೀತು ಅಂತ."

"ಹಿತ್ತಾಳೆ ಎರಕ ಆಗಿದೆ. ದಾನಿಗಳು ಬರ್ತಿದಾರೆ. ಒಂದು ಬಳೆಗೋಸ್ಕರ ಇಷ್ಟು ರಂಪ ಯಾಕೆ? ವೀರಯುಗ ಅಂದ್ರೇನೇ ಇಷ್ಟು. ಮಾಡಿದವರು ಒಬ್ಬರು, ಪ್ರತಿಮೆ ಇನ್ನೊಬ್ಬರದು. ಕತ್ತಿ ಕೋಣೇಲೂ ಅದೇ ಕಥೆ."

"ಹಾಗಾದ್ರೆ ನಾಲ್ಕೂ ಕೋಣೆ ತಿದ್ದೋಣ. ಮೂರರಿಂದ ಶುರು ಮಾಡೋಣ!"

ಹೊರಗೆ ಗುಮಾಸ್ತರೆಲ್ಲ ತಲೆ ಎತ್ತಿದ್ದರು. ಬಾಗಿಲು ಮುಚ್ಚಿತ್ತು, ಆದರೂ.

ಫೆಬ್ರವರಿ 25, ಮಂಗಳವಾರ

ರೆಕಾರ್ಡಿಂಗ್ ರೂಮು. ಗೋಡೆಗೆಲ್ಲ ಸ್ಪಂಜು. ಬರೆದುಕೊಟ್ಟ ಹಾಳೆಯಲ್ಲಿ "ವೀರಕಂಕಣ". ಬಳೆ ಎಂದು ಓದಿದೆ. ಕಟ್. ಮತ್ತೆ. ಬಳೆ. ಕಟ್. ಏಳು ಸಲ. ಏಳನೆಯ ಸಲ ರೆಕಾರ್ಡಿಸ್ಟೇ ಕಿವಿಯಿಂದ ಹೆಡ್‌ಫೋನ್ ತೆಗೆದಿಟ್ಟ: "ಸಾರ್, ಇವರು ಬಗ್ಗಲ್ಲ."

ನಿರ್ದೇಶಕರು ಕೋಪಿಸಿಕೊಳ್ಳಲಿಲ್ಲ. ನಕ್ಕರು. ಮೂರು ವರ್ಷದ ಹಿಂದೆ ಯಾವುದೋ ಶಾಲೆಯವರು ನನ್ನ ಮಾತು ಪೂರ್ತಿ ರೆಕಾರ್ಡ್ ಮಾಡಿಕೊಂಡಿದ್ದರಂತೆ. ಅದೇ ಸಾಕಂತೆ.

ನನ್ನ ಗಂಟಲು. ನನ್ನ ಸುಳ್ಳು. ನನ್ನನ್ನೇ ಹೊರಗೆ ನಿಲ್ಲಿಸಿ!

ಬ್ಯಾಡ್ಜ್ ವಾಪಸ್ ಕೇಳಿದರು. ಕೊಟ್ಟೆ. ಉದ್ಘಾಟನೆಗೆ ಮಾತ್ರ ಬರಬೇಕಂತೆ, ದಾನಿಗಳು ಕೇಳಿದ್ದಾರೆ. ಹೆಸರು ಕರೆದಾಗ ಎದ್ದು, ಕೈಮುಗಿದು, ಕೂತರೆ ಸಾಕು. ಬಾಯಿ ತೆರೆಯಬಾರದು. ಮೈಕ್ ಕೊಡುವುದಿಲ್ಲ.

ಮೈಕ್ ಕೊಡುವುದಿಲ್ಲವಂತೆ. ನನಗೆ!

ಮಾರ್ಚ್ 1, ಶನಿವಾರ

ಬೆಳಿಗ್ಗೆಯಿಂದ ನಾಳೆಯ ಮಾತಿನ ತಾಲೀಮು. ಅಡುಗೆಮನೆಯಲ್ಲಿ ನಿಂತು ಮಾತಾಡುತ್ತೇನೆ, ಇವಳು ತರಕಾರಿ ಹೆಚ್ಚುತ್ತ ಕೇಳುತ್ತಾಳೆ. "ನೋಡಿ ಆ ಮಣಿಕಟ್ಟಿನಲ್ಲಿ" ಎನ್ನುವಷ್ಟರಲ್ಲಿ ಬಾಯಿ ತಾನಾಗಿ "ವೀರಕಂಕಣ" ಎನ್ನುತ್ತದೆ. ಮೂರು ಸಲ ಹಾಗೇ ಆಯಿತು. ಹನ್ನೊಂದು ವರ್ಷದ ರೂಢಿ. ನಾಲಿಗೆಗೆ ಸುಳ್ಳಿನ ದಾರಿ ಸವೆದು ನುಣುಪಾಗಿದೆ. ನಿಜಕ್ಕೆ ಇನ್ನೂ ದಾರಿಯೇ ಇಲ್ಲ.

ಕುರ್ಚಿ ಎಳೆದು ಕೂತೆ.

"ನಾಳೆ ಅಷ್ಟು ಜನದ ಎದುರು ಇದೇ ಬಾಯಿಗೆ ಬಂದ್ರೆ? ಆ ತಾಯಿ ಎದುರಿಗೇ?"

ಇವಳು ಚಾಕು ಕೆಳಗಿಟ್ಟಳು.

"ಬಳೆ ಅಂತ ಕೊನೇಲಿ ಹೇಳೋಕೆ ಹೋಗ್ಬೇಡಿ. ಆ ಪದದಿಂದಲೇ ಶುರು ಮಾಡಿ."

"ಶುರುನೇ ಮರೆತುಹೋದ್ರೆ?"

"ಮೂವತ್ತು ವರ್ಷ ಮರೆಯಲ್ಲಿ ಕೂತು ನಿಮ್ಮ ಬಾಯಿಗೆ ಮಾತು ಹಾಕಿದೀನಿ. ನಾಳೆ ಎದುರಿಗೇ ಕೂರ್ತೀನಿ. ಮೊದಲ ಸಾಲು." ಮತ್ತೆ ಚಾಕು ಎತ್ತಿಕೊಂಡಳು: "ಹನ್ನೊಂದು ವರ್ಷದಲ್ಲಿ ಒಂದು ದಿನ ಕರೆದಿದ್ರೆ ಈ ಗತಿ ಬರ್ತಿರಲಿಲ್ಲ."

ನಿಜ.

ಮಾರ್ಚ್ 2, ಭಾನುವಾರ. ಬೆಳಿಗ್ಗೆ 10.40

ಮೂರನೇ ಕೋಣೆ, ಗೋಡೆ ಬದಿಯ ಬೆಂಚು. ಆಮಂತ್ರಣದ ಬೆನ್ನಿಗೆ ಬರೆಯುತ್ತಿದ್ದೇನೆ, ಆಮೇಲೆ ಇಲ್ಲಿ ಅಂಟಿಸಬೇಕು. ಎರಡು ಸಲ ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿ ಬಂದಿದ್ದೇನೆ. ಪರದೆ ಏಳುವ ಮುಂಚೆ ಯಾವಾಗಲೂ ಹೀಗೇ.

ಇನ್ನೂರು ಜನ ಇರಬಹುದು. ಪ್ರತಿಮೆಗೆ ಬಟ್ಟೆ ಮುಚ್ಚಿದೆ. ಹೆಡ್‌ಫೋನ್ ಹಂಚಿದ್ದಾರೆ. ಕೆಲವರು ಆಗಲೇ ಹಾಕಿಕೊಂಡು ತಲೆದೂಗುತ್ತಿದ್ದಾರೆ. ಅಷ್ಟೂ ಕಿವಿಯೊಳಗೆ ನಾನು ಸುಳ್ಳು ಹೇಳುತ್ತಿದ್ದೇನೆ. ಆ ಧ್ವನಿ ಹೇಳಿಕೊಳ್ಳಲಿ! ಮಳೆ ತಗಡಿನ ಮೇಲೆ ಬಡಿಯುವಾಗ ಕೊನೆಯ ಬೆಂಚಿಗೆ ಮುಟ್ಟಿಸಿದ ಗಂಟಲು ಇದು. ಕಿವಿಯ ಮೇಲಿನ ಎರಡು ಬೆರಳಗಲದ ಸ್ಪಂಜು ಯಾವ ಲೆಕ್ಕ!

ಆ ತಾಯಿ ಬಂದಿದ್ದಾರೆ. ಮೊದಲ ಸಾಲು. ಮಡಿಲಲ್ಲಿ ತವರದ ಡಬ್ಬಿ. ಪಕ್ಕದಲ್ಲಿ ಮರಿಮಗಳು, ಆಕೆಯ ಆ ಪಕ್ಕ ಇವಳು — ಪ್ರಾಂಪ್ಟರ್ ಕಾಲದ ಹಳೇ ಕನ್ನಡಕ ಹಾಕಿಕೊಂಡು.

ನಿರ್ದೇಶಕರು ಹೆಸರು ಕರೆದರು. ಚಪ್ಪಾಳೆ. ಎದ್ದು, ಕೈಮುಗಿದು, ಕೂರಬೇಕು.

ಎದ್ದಿದ್ದೇನೆ. ಇನ್ನೂ ಬರೆಯುತ್ತಿರುವುದು ನೋಡಿ ಇವಳು ಕಣ್ಣಲ್ಲೇ ಗದರಿದಳು. ಕೂರಿ ಎಂದು ನಿರ್ದೇಶಕರ ಸನ್ನೆ. ಕೂರುವುದಿಲ್ಲ. ಇವಳ ತುಟಿ ಅಲುಗಿತು. ಎತ್ತಿಕೊಟ್ಟಳು —

ಬಳೆ